ಬೀಗರ ಪಂಕ್ತಿಗೆ ಸ್ಟೀಲ್ ಲೋಟ

ನಮ್ಮ ಓಣಿಯ ಮಾತು ಬಂದರೆ ನಾನು ಜಂಬ ಕೊಚ್ಚಿಕೊಳ್ಳುತ್ತೇನೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಹೌದು, ಕೊಚ್ಚಿಕೊಳ್ಳುತ್ತೇನೆ. ದಾವಣಗೆರೆಯ ಹಳೇಪೇಟೆಯಲ್ಲಿ, ಎರಡು ಬೈಕು ಎದುರಾದರೆ ಒಬ್ಬರು ಕಾಲೂರಿ ಪಕ್ಕಕ್ಕೆ ನಿಲ್ಲಬೇಕಾದಂಥ ಸಣ್ಣ ಓಣಿ ನಮ್ಮದು. ಅಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಗೃಹಪ್ರವೇಶವಾಗಲಿ, ತೀರಿಕೊಂಡವರ ಶಿವಗಣಾರಾಧನೆಯಾಗಲಿ, ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ತಟ್ಟೆ, ನೀರಿನ ಬಾಟಲಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಊಟ ಮುಗಿದ ಮೇಲೆ ಬಾಳೆಲೆ ಎಮ್ಮೆಗಳಿಗೆ ಹೋಗುತ್ತದೆ, ಲೋಟ ತೊಳೆದು ಬಿಸಿಲಿಗೆ ಹೋಗುತ್ತದೆ, ಕಸದ ಗಾಡಿಯವರು ಬಂದು ‘ಇಷ್ಟೇನಾ?’ ಎಂದು ಕೇಳಿ ಹೋಗುತ್ತಾರೆ. ಇದು ತಾನಾಗಿ ಆದದ್ದಲ್ಲ, ನಾವು ಹೆಂಗಸರು ಹಟ ಹಿಡಿದು ಮಾಡಿದ್ದು. ಮಾಡಿದ ಮೇಲೆ ಹೇಳಿಕೊಳ್ಳದೆ ಸುಮ್ಮನಿರಲು ನಾನೇನು ಸನ್ಯಾಸಿಯಲ್ಲ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ನನ್ನ ಕೈಯಲ್ಲಿ ಓದಿದ ಎಲ್ಲ ಹುಡುಗಿಯರಿಗೂ ಗೊತ್ತು. ಪರಿಸರ ಮಾಲಿನ್ಯ ತಡೆಯುವ ಕ್ರಮಗಳೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ಅವರು ಮುದ್ದಾದ ಅಕ್ಷರದಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಿದ್ದರು. ಅದೇ ಹುಡುಗಿಯರು ಒಂದು ವರ್ಷ ವಾರ್ಷಿಕೋತ್ಸವದ ದಿನ ಪಾನಕ ಕುಡಿದು ಲೋಟಗಳನ್ನು ಅಲ್ಲಲ್ಲೇ ಬಿಟ್ಟು ಹೋದರು. ಮೈದಾನದ ತುಂಬ ಬಿಳಿ ಲೋಟ. ಮರುದಿನ ತರಗತಿಯಲ್ಲಿ ಎಗರಾಡಿದೆ. ‘ಪ್ಲಾಸ್ಟಿಕ್ ಬ್ಯಾಡ ಅಂತ ಬರೀತೀರಿ, ಅದರಾಗೇ ಕುಡೀತೀರಿ, ನಾಚಿಕೆ ಆಗಲ್ವೇನ್ರೇ?’ ಎಂದೆ. ಮುಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. ‘ಮಿಸ್, ಮತ್ತೆ ಯಾವುದರಾಗ ಕುಡೀಬೇಕಿತ್ತು? ನೀವು ಕೊಟ್ಟಿದ್ದೇ ಅದು’ ಎಂದಳು.

ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಬೇಡ ಎನ್ನುವುದು ಸುಲಭ. ಬೇಡ ಎಂದ ಮೇಲೆ ಅದರ ಬದಲಿಗೆ ಕೈಗೆ ಏನು ಕೊಡುತ್ತೀಯ ಎನ್ನುವುದಕ್ಕೆ ಉತ್ತರ ಇರಬೇಕಲ್ಲ. ಆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಎಷ್ಟೋ ದಿನ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಉತ್ತರ ಸಿಕ್ಕಿದ್ದು ನಮ್ಮ ಮನೆಯ ಅಟ್ಟದಲ್ಲಿ. ನಿವೃತ್ತಿಯಾದ ಹೊಸತರಲ್ಲಿ ಮಾಡಲು ಕೆಲಸವಿಲ್ಲದೆ ಅಟ್ಟ ಹತ್ತಿ ಧೂಳು ಹೊಡೆಯುತ್ತಿದ್ದೆ. ನಮ್ಮ ಕಡೆ ಮದುವೆಗೆ, ಗೃಹಪ್ರವೇಶಕ್ಕೆ ಹೋದವರು ಮುಯ್ಯಿ ಎಂದು ಸ್ಟೀಲ್ ಪಾತ್ರೆ ಕೊಡುತ್ತಾರೆ. ಕೊಡುವ ಮೊದಲು ಅಂಗಡಿಯಲ್ಲೇ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಮನೆತನದ ಹೆಸರು ಕೊರೆಸುತ್ತಾರೆ. ಪಡೆದವರು ಒಳ್ಳೆಯ ಪಾತ್ರೆ ಎಂದು ಎತ್ತಿಡುತ್ತಾರೆ, ಎತ್ತಿಟ್ಟಿದ್ದು ಅಟ್ಟದಲ್ಲೇ ಉಳಿಯುತ್ತದೆ. ನಮ್ಮ ಅತ್ತೆಯ ಕಾಲದಿಂದ ಬಂದ ಲೋಟಗಳು ಗೋಣಿಚೀಲಗಳಲ್ಲಿ ಹೊಸದಾಗಿಯೇ ಇದ್ದವು. ನಮ್ಮ ಮನೆಯಲ್ಲಿ ಇಷ್ಟಿದ್ದರೆ ಇಡೀ ಓಣಿಯಲ್ಲಿ ಎಷ್ಟಿರಬೇಡ? ಒಂದು ಮದುವೆಗಲ್ಲ, ಒಂದೇ ದಿನ ಎರಡು ಮದುವೆ ಬಂದರೂ ಸಾಲುವಷ್ಟು ಲೋಟ ನಮ್ಮ ತಲೆಯ ಮೇಲೇ ಇದ್ದವು. ನಾವು ಕೆಳಗೆ ಕೂತು ಪ್ಲಾಸ್ಟಿಕ್ ಲೋಟ ಕೊಂಡು ತರುತ್ತಿದ್ದೆವು.

ಶ್ರಾವಣ ಸೋಮವಾರ ಬಸವಣ್ಣನ ಗುಡಿಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದಾಗ ಹೇಳಿದೆ. ಎಲ್ಲರ ಅಟ್ಟದ ಲೋಟ, ತಟ್ಟೆ, ಜಗ್ಗು ಗುಡಿಯ ಹಿಂದಿನ ಖಾಲಿ ಕೋಣೆಗೆ ತರೋಣ, ಯಾರ ಮನೆಯಲ್ಲಿ ಕಾರ್ಯವಾದರೂ ಅಲ್ಲಿಂದ ಒಯ್ಯಲಿ ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಒಬ್ಬರಿಗೆ ಕಳೆದುಹೋದರೆ ಎಂಬ ಚಿಂತೆ, ಇನ್ನೊಬ್ಬರಿಗೆ ಯಾರ್ಯಾರೋ ಬಾಯಿ ಹಚ್ಚಿ ಕುಡಿದರೆ ಎಂಬ ಚಿಂತೆ. ‘ನಮ್ಮ ಮನಿ ಹೆಸರು ಬರೆದ ಲೋಟ ಕಂಡೋರ ಮದುವ್ಯಾಗ ಯಾಕ ಇರ್ಬೇಕ್ರಿ ಮಿಸ್?’ ಎಂದು ಒಬ್ಬಾಕೆ ಮೂಗು ಮುರಿದಳು. ಅದಕ್ಕೆ ನಮ್ಮ ಎದುರುಮನೆ ಅಕ್ಕ, ‘ಅಟ್ಟದಾಗ ನಿನ್ನ ಮನಿ ಹೆಸರು ಯಾರವ್ವಾ ಓದ್ತಾರ, ಜೇಡರ ಹುಳಾನಾ? ಮದುವ್ಯಾಗಾದ್ರೆ ಊರೆಲ್ಲ ಓದ್ತೈತೆ’ ಎಂದು ಅಂದೇ ಬಿಟ್ಟರು. ಎಲ್ಲರೂ ನಕ್ಕರು. ಆದರೆ ಆ ಮಾತು ಸರಿಯಾಗಿ ನಾಟಿತು. ಮರುದಿನದಿಂದ ಒಬ್ಬೊಬ್ಬರೇ ಚೀಲ ಹೊತ್ತು ತಂದರು. ತಮ್ಮ ಹೆಸರಿನ ಲೋಟ ಮುಂದಿನ ಸಾಲಿನಲ್ಲಿ ಇರಬೇಕೆಂದು ಜಗಳವೂ ಆಯಿತು.

ಲೋಟಕ್ಕೆ ಬಾಡಿಗೆ ಇಟ್ಟಿರಲಿಲ್ಲ. ತೊಳೆದು, ಒಣಗಿಸಿ, ತಂದ ಹಾಗೇ ತಿರುಗಿ ಕೊಡಬೇಕು, ಅಷ್ಟೇ. ಅದರ ಜೊತೆಗೆ ನನ್ನದೊಂದು ಷರತ್ತು ಇತ್ತು. ಒಯ್ಯುವವರ ಮನೆಯ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಂದು ಸಂಜೆ ಗುಡಿಯ ಕಟ್ಟೆಗೆ ಬಂದು ನನ್ನ ಮಾತು ಕೇಳಬೇಕು. ‘ಲೋಟ ಪುಕ್ಕಟೆ, ಭಾಷಣ ಕಡ್ಡಾಯ’ ಎಂದು ಓಣಿಯಲ್ಲಿ ನಗೆಯಾಡಿದರು. ನಗಲಿ ಬಿಡಿ. ಭಾಷಣವೆಂದರೆ ನಾನು ಮೈಕ್ ಹಿಡಿಯುತ್ತಿರಲಿಲ್ಲ. ಹಿಂದಿನ ವಾರ ಎಲ್ಲೋ ಆದ ಮದುವೆಯ ಕಸದ ಚೀಲವೊಂದನ್ನು ತಂದು ಚಾಪೆಯ ಮೇಲೆ ಸುರಿದು, ‘ಇದರಾಗ ಮಣ್ಣಾಗೋದು ಯಾವುದು, ಮಣ್ಣಾಗದಿರೋದು ಯಾವುದು, ಬೇರೆ ಮಾಡ್ರಿ’ ಎನ್ನುತ್ತಿದ್ದೆ. ಮಕ್ಕಳು ಓಡಿ ಬಂದು ಮಾಡುತ್ತಿದ್ದರು, ದೊಡ್ಡವರು ಮೂಗಿಗೆ ಸೆರಗು ಹಿಡಿದು ನೋಡುತ್ತಿದ್ದರು. ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಹೋಗುತ್ತಿದ್ದರು. ಮಣ್ಣಾಗದ ಗುಡ್ಡೆ ಎಷ್ಟು ದೊಡ್ಡದು ಎಂದು ಕಣ್ಣಾರೆ ಕಂಡವರಿಗೆ ನಾನು ಮತ್ತೇನೂ ಹೇಳಬೇಕಾಗುತ್ತಿರಲಿಲ್ಲ. ಬರಬರುತ್ತ ಪಕ್ಕದ ಓಣಿಯವರು ಕೇಳಿದರು, ಆಮೇಲೆ ಬಾತಿಯವರು, ಆವರಗೆರೆಯವರು. ನಮ್ಮ ಲೋಟಗಳು ಊರೂರು ಸುತ್ತತೊಡಗಿದವು.

ಇಷ್ಟೆಲ್ಲ ಆದರೂ ನನ್ನ ತವರಿನಲ್ಲಿ ಮಾತ್ರ ನನ್ನ ಮಾತು ನಡೆಯುತ್ತಿರಲಿಲ್ಲ. ನನ್ನ ತವರು ಹರಿಹರ. ಹೊಳೆಯಿಂದ ಒಂದು ಕೂಗಳತೆಯಲ್ಲಿ ಅಣ್ಣನ ಮನೆ, ಮನೆಯ ಮುಂದೆಯೇ ಅವನ ಕಾಳಿನ ಅಂಗಡಿ. ಅಪ್ಪ ತೀರಿಕೊಂಡಾಗ ನಾನು ಇನ್ನೂ ಲಂಗ ಉಡುತ್ತಿದ್ದೆ. ಅಣ್ಣ ತನ್ನ ಓದು ಬಿಟ್ಟು ಅಂಗಡಿಯಲ್ಲಿ ಕೂತು ನನ್ನನ್ನು ಓದಿಸಿದ. ‘ಹೆಣ್ಣಿಗ್ಯಾಕ ಕಾಲೇಜು’ ಎಂದವರ ಬಾಯಿ ಮುಚ್ಚಿಸಿದ. ನನ್ನ ಮದುವೆಯನ್ನು ಯಾರೂ ಬೆರಳು ತೋರಿಸದ ಹಾಗೆ ನಡೆಸಿಕೊಟ್ಟ. ಹಾಗಾಗಿ ಅವನ ಮೇಲೆ ನಾನು ದನಿ ಎತ್ತುವುದಿಲ್ಲ. ಹೋದಾಗಲೆಲ್ಲ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ, ‘ನೋಡಣ್ಣ, ಮೇಲೆ ಕಲ್ಯಾಣ ಮಂಟಪದಾಗ ಇಟ್ಟ ಬಾಟ್ಲಿ ಸಂಜಿ ಅನ್ನೋದ್ರಾಗ ಇಲ್ಲಿ ಇರ್ತೈತೆ. ಇದೇ ನೀರು ನಮ್ಮೂರಿನ ನಲ್ಲಿಗೂ ಬರ್ತೈತೆ’ ಎನ್ನುತ್ತಿದ್ದೆ. ಅವನು ‘ಹ್ಞೂಂ’ ಎನ್ನುತ್ತಿದ್ದ, ಕಾಳಿನ ಧಾರಣೆಯ ಮಾತು ತೆಗೆಯುತ್ತಿದ್ದ. ನನಗೆ ‘ಲೋಟದ ಮೇಡಂ’ ಎಂದು ಹೆಸರಿಟ್ಟಿದ್ದೂ ಅವನೇ.

ಅಣ್ಣನ ಮಗಳ ಮದುವೆ ಗೊತ್ತಾಯಿತು. ಗಂಡಿನವರು ಲೋಕಿಕೆರೆಯ ದೊಡ್ಡ ಒಕ್ಕಲುತನದ ಮನೆಯವರು. ಹುಡುಗಿ ನನ್ನ ಮನೆಯಲ್ಲಿದ್ದುಕೊಂಡು ಕಾಲೇಜು ಓದಿದವಳು, ಚಾಪೆಯ ಮೇಲೆ ಕಸ ಸುರಿಯುವಾಗ ನನ್ನ ಜೊತೆ ಕೈಹಾಕಿದವಳು. ‘ಅತ್ತೆ, ನನ್ನ ಮದುವೆಗೆ ನಿಮ್ಮ ಲೋಟ ಬರಬೇಕು. ಒಂದೂ ಬಾಟ್ಲಿ ಇರಬಾರ್ದು. ಅಪ್ಪಂಗೆ ನೀವೇ ಹೇಳಿ’ ಎಂದು ಫೋನ್ ಮಾಡಿದಳು. ಹೇಳುವುದೇನು ಸಣ್ಣ ಕೆಲಸವೇ? ಈಗ ಮದುವೆಗಳಲ್ಲಿ ಬಾಳೆಲೆಯ ಪಕ್ಕ ಸೀಲ್ ಮಾಡಿದ ನೀರಿನ ಬಾಟಲಿ ಇಡುವುದೇ ಮರ್ಯಾದೆ ಎಂದಾಗಿದೆ. ಬೀಗರ ಪಂಕ್ತಿಗೆ ಬಾಟಲಿ ಇಲ್ಲದಿದ್ದರೆ ಹೋಳಿಗೆಗೆ ತುಪ್ಪವಿಲ್ಲದಷ್ಟೇ ದೊಡ್ಡ ಕೊರತೆ.

‘ನೋಡಮ್ಮ, ನಿನ್ನ ಓಣ್ಯಾಗ ನಡೀತೈತೆ, ಬೀಗರ ಮುಂದೆ ನಡಿಯಲ್ಲ’ ಎಂದ ಅಣ್ಣ. ‘ಲೋಟದಾಗ ನೀರು ಕೊಟ್ರೆ ಜಿಪುಣ ಅಂತಾರ. ಒಬ್ಬಳೇ ಮಗಳು. ನಾಳೆ ಅವಳಿಗೆ ಆ ಮನ್ಯಾಗ ಅದೊಂದು ಮಾತು ಆಗ್ಬಾರ್ದು.’

ಅವನ ಭಯ ನನಗೆ ಅರ್ಥವಾಗುತ್ತಿತ್ತು. ಮದುವೆಯಲ್ಲಿ ಆದ ಕೊರತೆಯನ್ನು ಸೊಸೆಗೆ ವರ್ಷಗಟ್ಟಲೆ ಚುಚ್ಚಿ ಹೇಳುವ ಮನೆಗಳನ್ನು ನಾವಿಬ್ಬರೂ ನೋಡಿದ್ದೆವು. ಆದರೂ ಹೇಳಿದೆ. ‘ಅಣ್ಣ, ಫಳಫಳ ಹೊಳೆಯೋ ಲೋಟ ತರ್ತೀನಿ. ನೀರು ಹಾಕೋಕೆ ನಮ್ಮ ಓಣಿ ಹೆಣ್ಮಕ್ಕಳೇ ನಿಂತ್ಕೋತಾರ. ಏನಾದ್ರೂ ಕೊರತೆ ಆದ್ರೆ ನಾನು ಮತ್ತೆ ನಿನ್ನ ಹೊಸ್ತಿಲು ತುಳಿಯಲ್ಲ.’ ಅವನು ಮಗಳ ಮುಖ ನೋಡಿ, ‘ಆತು, ನಿಮ್ಮಿಷ್ಟ’ ಎಂದ. ಮನಸಿಲ್ಲದ ಮನಸಿನಿಂದಲೇ ಅಂದ.

ಮದುವೆಗೆ ಎರಡು ದಿನ ಮುಂಚೆ ಲೋಟಗಳು ಆವರಗೆರೆಯ ರೈತರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದವು. ಅವರ ಮನೆಯ ಗಾಡಿ ಹೇಗೂ ಹರಿಹರಕ್ಕೆ ಹೋಗುತ್ತಿತ್ತು. ತೊಳೆದು ಒಣಗಿಸಿ ಚೀಲ ಕಟ್ಟಿದ್ದೇವೆ, ನೇರವಾಗಿ ಮಂಟಪಕ್ಕೇ ಇಳಿಸುತ್ತೇವೆ ಎಂದರು. ನನಗೂ ಹಗುರವಾಯಿತು. ಚೀಲಗಳು ಮದುವೆಯ ಹಿಂದಿನ ದಿನವೇ ಹರಿಹರದ ಮಂಟಪ ಸೇರಿ, ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಬೆಲ್ಲದ ಪೆಂಟಿಗಳ ಹತ್ತಿರ ಕೂತವು. ನಾನು ಹೊರಗಿನಿಂದ ಚೀಲ ಮುಟ್ಟಿ ನೋಡಿದೆ, ಲೋಟಗಳು ಒಂದರೊಳಗೊಂದು ಅಚ್ಚುಕಟ್ಟಾಗಿ ಕೂತಿದ್ದವು. ಎಂಥ ಜನ, ಎಷ್ಟು ಚೆಂದ ಜೋಡಿಸಿದ್ದಾರೆ ಎಂದು ಮನಸ್ಸಿನಲ್ಲೇ ಹೊಗಳಿದೆ. ಮರುದಿನ ಬೆಳಗಿನಿಂದ ಸೋದರತ್ತೆಯ ಶಾಸ್ತ್ರಗಳಿಗೆ ಮದುಮಗಳ ಪಕ್ಕದಲ್ಲೇ ಇದ್ದೆ. ಧಾರೆಯಾಯಿತು, ಅಕ್ಕಿಕಾಳು ಬಿತ್ತು. ಅಣ್ಣ ಕಣ್ಣೊರೆಸಿಕೊಂಡ.

ಊಟದ ಹಾಲಿನಲ್ಲಿ ಎಲೆ ಹಾಕಿದ್ದರು. ಕೋಸಂಬರಿ, ಬದನೆಕಾಯಿ ಪಲ್ಯ, ಹೋಳಿಗೆ ಬಡಿಸಲು ಸಿದ್ಧವಾಗಿದ್ದವು. ಬೀಗರು ಬಾಗಿಲ ಹತ್ತಿರ ಬಂದು ನಿಂತಿದ್ದರು. ಆಗ ಎದುರುಮನೆ ಅಕ್ಕ ಓಡುತ್ತ ಬಂದು ನನ್ನ ಕೈ ಹಿಡಿದು ಉಗ್ರಾಣಕ್ಕೆ ಎಳೆದೊಯ್ದರು. ಬಿಚ್ಚಿದ ಚೀಲದ ಮುಂದೆ ನಮ್ಮ ಓಣಿಯ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದರು. ಚೀಲ ಕೆಂಪಗೆ ಹರಿದಾಡುತ್ತಿತ್ತು. ಇರುವೆ. ಒಂದು ಲೋಟ ಎಳೆದು ತೆಗೆದೆ, ತಳದಲ್ಲಿ ಸಕ್ಕರೆ. ಇನ್ನೊಂದು ತೆಗೆದೆ, ಅದರಲ್ಲೂ ಸಕ್ಕರೆ. ಎಲ್ಲ ಚೀಲ ಬಿಚ್ಚಿಸಿದೆ. ಒಂದು ಲೋಟವೂ ಬಿಡದೆ ಪ್ರತಿಯೊಂದರಲ್ಲೂ ಒಂದೊಂದು ಚಿಟಿಕೆ ಸಕ್ಕರೆ, ಪ್ರತಿಯೊಂದರಲ್ಲೂ ಇರುವೆ.

ಆವರಗೆರೆಗೆ ಫೋನ್ ಹಚ್ಚಿದೆ. ಆ ಮನೆಯ ಹಿರಿಯಜ್ಜಿಯೇ ಎತ್ತಿದಳು. ‘ಅಜ್ಜಿ, ಲೋಟದಾಗ ಸಕ್ರಿ ಯಾರು ಹಾಕಿದ್ದು?’ ಎಂದೆ.

‘ನಾನೇ ಕುಂತು ಹಾಕ್ಸಿದ್ದವ್ವಾ’ ಎಂದಳು ಅಜ್ಜಿ, ಸಂತೋಷದಿಂದ. ‘ಇಸ್ಕಂಡ ಪಾತ್ರೆ ಬರಿದು ಮಾಡಿ ಹೆಂಗೆ ಕಳ್ಸೋದು? ಒಂದೀಟು ಸಕ್ರಿನಾದ್ರೂ ಬ್ಯಾಡ್ವಾ?’

‘ಯಾವುದಾದ್ರೂ ಒಂದರಾಗ ಹಾಕಿದ್ರೆ ಆಗ್ತಿತ್ತಲ್ಲ ಅಜ್ಜಿ!’

‘ಅದ್ಹೆಂಗಾಗ್ತೈತೆ? ಒಂದೊಂದರ ಮ್ಯಾಲೂ ಒಂದೊಂದು ಮನಿ ಹೆಸರೈತೆ. ಒಬ್ರಿಗೆ ಸಕ್ರಿ ಹಾಕಿ ಇನ್ನೊಬ್ರಿಗೆ ಬರಿದು ಕೊಟ್ರೆ ಚೆಂದ ಏನವ್ವಾ? ಪಾಪ, ಮಕ್ಕಳೆಲ್ಲ ಕುಂತು ಸಂಜಿತನ ಹಾಕಿದ್ರು.’

ಅಜ್ಜಿಯ ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಪಕ್ಕದ ಮನೆಯಿಂದ ಪಾಯಸದ ಬಟ್ಟಲು ಬಂದರೆ ನಾನೂ ಏನಾದರೂ ಹಾಕಿಯೇ ವಾಪಸ್ ಕೊಡುವವಳು. ನಮ್ಮ ಜನ ಬಿಟ್ಟರೆ ಭೂಮಿಯ ಮೇಲೆ ಇನ್ನಾರೂ ಇಂಥ ತಪ್ಪು ಮಾಡಲಾರರು. ‘ಒಳ್ಳೇದಾತು ಅಜ್ಜಿ’ ಎಂದು ಫೋನ್ ಇಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓಣಿಯ ಹೆಂಗಸರು ಅಷ್ಟರಲ್ಲಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಳಗದ ಬಿಸಿನೀರು ಬಗ್ಗಿಸಿಕೊಂಡು ತೊಳೆಯಲು ಕೂತಾಗಿತ್ತು. ಆದರೆ ಅಡುಗೆಮನೆಯ ಹಬೆಗೆ ಸಕ್ಕರೆ ಕರಗಿ ಲೋಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸುವುದೇ ತಡವಾಗುತ್ತಿತ್ತು. ಹೊರಗೆ ಬೀಗರು ನಿಂತೇ ಇದ್ದರು.

ಅಣ್ಣ ಒಳಗೆ ಬಂದ. ಇರುವೆ ನೋಡಿದ, ನನ್ನ ಮುಖ ನೋಡಿದ. ಮೂಲೆಯಲ್ಲಿದ್ದ ಜಮಖಾನೆ ಸರಿಸಿದ. ಅದರ ಕೆಳಗೆ ನೀರಿನ ಬಾಟಲಿಗಳ ಬಾಕ್ಸುಗಳು ಒಂದರ ಮೇಲೊಂದು ಪೇರಿಸಿದ್ದವು. ‘ಸಮಯಕ್ಕೆ ಬೇಕಾಗ್ತಾವು ಅಂತ ತರ್ಸಿಟ್ಟಿದ್ದೆ ತಂಗಿ’ ಎಂದ, ನನ್ನ ಕಣ್ಣು ತಪ್ಪಿಸಿ.

ಅಂದರೆ ಅವನು ನನ್ನನ್ನು ನಂಬಿರಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ನನ್ನಿಂದ ಚೆನ್ನಾಗಿ ಅನ್ನಿಸಿಕೊಳ್ಳುತ್ತಿದ್ದರು. ಆದರೆ ಅವನ ಹಣೆಯ ಮೇಲೆ ಬೆವರಿತ್ತು. ನನ್ನನ್ನು ಓದಿಸಿದ ಅಣ್ಣ ತನ್ನ ಮಗಳ ಮದುವೆಯಲ್ಲಿ ನನ್ನಿಂದ ತಲೆ ತಗ್ಗಿಸುವಂತಾದರೆ ನಾನು ಯಾವ ಹೊಳೆಯನ್ನು ಉಳಿಸಿ ಏನು ಬಂತು? ‘ತೆಗೆ ಅಣ್ಣ’ ಎಂದೆ. ‘ಇಡಸು. ಹೊತ್ತಾತು.’ ಅವನು ಒಂದು ಬಾಕ್ಸಿನ ಬಾಯಿ ಹರಿದ.

ಅಷ್ಟರಲ್ಲಿ ಬಾಗಿಲಲ್ಲಿ ಬೀಗಿತ್ತಿ, ಮದುಮಗನ ತಾಯಿ, ಬಂದು ನಿಂತಿದ್ದರು. ಎತ್ತರದ ಆಳು, ಮುಖ ನೋಡಿದರೆ ಹೊಲದಲ್ಲಿ ಕೆಲಸ ಮಾಡಿಸುವವರೆಂದು ಗೊತ್ತಾಗುತ್ತಿತ್ತು. ‘ಯಾಕ್ರಿ ಬೀಗ್ತೇರೆ, ಏನಾತು? ಎಲಿ ಹಾಕಿ ಎಲ್ಲಾರೂ ಒಳಗೆ ಬಂದು ಕುಂತೀರಲ್ಲ’ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ. ಲೋಟ ಎಲ್ಲಿಯದು, ಯಾಕೆ ತಂದೆವು, ಆವರಗೆರೆಯ ಅಜ್ಜಿ ಏನು ಮಾಡಿದಳು, ಇದ್ದದ್ದು ಇದ್ದ ಹಾಗೇ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಿಲ್ಲ.

‘ಎಲ್ಲಾ ಲೋಟಕ್ಕೂ ಹಾಕ್ಯಾರಾ?’ ಎಂದು ಕೇಳಿದರು ಬೀಗಿತ್ತಿ.

‘ಹೂಂರಿ, ಒಂದೂ ಬಿಟ್ಟಿಲ್ಲ.’

ಅವರು ಗೋಡೆಗೆ ಕೈ ಊರಿ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಯಾರ ಮನಿಯೋರೋ ಏನೋ, ರೀತಿ ರಿವಾಜು ಗೊತ್ತಿರೋ ಮಂದಿ. ಅಂಥೋರು ಮುಟ್ಟಿದ ಲೋಟದಾಗ ಕುಡಿಯೋದು ಚಲೋನೇ ಬಿಡ್ರಿ. ನಿಧಾನಕ್ಕೆ ತೊಳೀರಿ. ನಮ್ಮೋರು ಕಾಯ್ತಾರ, ಅವರೇನು ಉಪಾಸ ಬಂದಿಲ್ಲ, ಬೆಳಿಗ್ಗೆ ಮನ್ಯಾಗ ಉಪ್ಪಿಟ್ಟು ಚೆನ್ನಾಗಿ ತಿಂದು ಬಂದಾರ’ ಎಂದರು. ತಾವೂ ತೊಳೆಯಲು ಬಗ್ಗಿದರು. ನಾವೆಲ್ಲ ಹೌಹಾರಿ ಅವರ ಕೈ ಹಿಡಿದುಕೊಂಡೆವು. ಬೀಗಿತ್ತಿಯ ಕೈಯಲ್ಲಿ ಲೋಟ ತೊಳೆಸುವುದುಂಟೇ! ಅವರು ಹಾಲಿಗೆ ಹೋಗಿ ತಮ್ಮವರಿಗೆ ‘ಕೂಡ್ರಿ, ಈಗ ಬಡಿಸ್ತಾರ’ ಎಂದಿದ್ದು ನಮಗೆ ಕೇಳಿಸಿತು. ಅಣ್ಣನೂ ಹರಿದ ಬಾಕ್ಸನ್ನು ಅಲ್ಲೇ ಬಿಟ್ಟು ಅವರ ಹಿಂದೆ ಹೋದ.

ನಾವು ತೊಳೆದೆವು. ಅಷ್ಟು ಬೇಗ ನಾನು ಜನ್ಮದಲ್ಲಿ ಪಾತ್ರೆ ತೊಳೆದಿಲ್ಲ. ತೊಳೆದದ್ದನ್ನು ತೊಳೆದ ಹಾಗೆ ಬಟ್ಟೆಯಲ್ಲಿ ಒರೆಸಿ ಎಲೆಯ ಪಕ್ಕ ಇಡುತ್ತ ಬಂದೆವು. ಮೊದಲ ಸಾಲಿಗೆ ಲೋಟ ಬಂತು, ಪಲ್ಯ ಬಂತು, ಹೋಳಿಗೆ ಬಂತು. ನಾನು ಕಂಬದ ಪಕ್ಕ ಒದ್ದೆ ಸೀರೆಯಲ್ಲಿ ನಿಂತಿದ್ದೆ. ಎಲ್ಲ ಸರಿಹೋಯಿತು ಎಂದುಕೊಳ್ಳುವಾಗಲೇ ಸಾಲಿನ ನಡುವಿನಿಂದ ಮದುಮಗನ ಸೋದರಮಾವ ದೊಡ್ಡ ದನಿಯಲ್ಲಿ ಕೂಗಿದರು. ಮದುವೆಯಲ್ಲಿ ಎಲ್ಲರೂ ಹೆದರುವುದು ಅವರಿಗೇ. ‘ಏನ್ರಿ ಬೀಗ್ರೇ, ಹೊಳಿ ದಂಡಿ ಮ್ಯಾಲ ಮನಿ ಮಾಡೀರಿ, ನಿಮ್ಮೂರಾಗ ಒಂದು ನೀರಿನ ಬಾಟ್ಲಿಗೂ ಬರ ಬಂತಾ?’

ಬಡಿಸುವವರು ಸೌಟು ಹಿಡಿದಲ್ಲೇ ನಿಂತರು. ಬೀಗಿತ್ತಿ ಅಣ್ಣನ ಮುಖ ನೋಡಿದರು, ಅಡ್ಡ ಬಾಯಿ ಹಾಕಲಿಲ್ಲ. ಸಾಲಿನ ತುದಿಯಲ್ಲಿ ಗಂಡನ ಪಕ್ಕ ಕೂತಿದ್ದ ಮದುಮಗಳೂ ಅಪ್ಪನ ಕಡೆ ನೋಡುತ್ತಿದ್ದಳು. ಅಣ್ಣನಿಗೆ ಒಂದು ಸನ್ನೆ ಮಾಡಿದರೆ ಸಾಕಿತ್ತು, ಬಾಟಲಿಗಳು ಕೂಡಲೇ ಎಲೆಯ ಪಕ್ಕ ಬರುತ್ತಿದ್ದವು. ಅವನು ಉಗ್ರಾಣದ ಕಡೆ ಒಮ್ಮೆ ನೋಡಿದ. ನಾನು ಕಣ್ಣು ಮುಚ್ಚಿಕೊಂಡೆ.

‘ಹೊಳಿ ದಂಡಿ ಮ್ಯಾಲ ಅದೀವಿ ಅಂತಾನೇ ಇಟ್ಟಿಲ್ರಿ ಬೀಗ್ರೇ’ ಎಂದ ಅಣ್ಣ. ದನಿ ಎಲ್ಲರಿಗೂ ಕೇಳಿಸುವಷ್ಟಿತ್ತು. ‘ಇಲ್ಲಿ ಇಟ್ಟ ಬಾಟ್ಲಿ ಸಂಜಿ ಅನ್ನೋದ್ರಾಗ ಹೊಳ್ಯಾಗ ಇರ್ತೈತೆ. ನಾವು ಕುಡಿಯೋ ನೀರದು. ನನ್ನ ಮಗಳ ಮದುವ್ಯಾಗ ಬಾಟ್ಲಿ ಇಡಲ್ಲ. ನಿಮಗೆ ಎಷ್ಟು ನೀರು ಬೇಕೋ ಅಷ್ಟು ನಾನೇ ಹಾಕ್ತೀನಿ, ಲೋಟ ಹಿಡೀರಿ.’

ಪಕ್ಕದಲ್ಲಿದ್ದ ಹೆಂಗಸಿನ ಕೈಯಿಂದ ಜಗ್ಗು ತೆಗೆದುಕೊಂಡು, ಜರಿ ಶಲ್ಯ ಹೆಗಲ ಮೇಲೆ ಹಾಗೇ ಇರಲು, ಸೋದರಮಾವನ ಮುಂದೆ ಬಗ್ಗಿ ನಿಂತ. ಅವರು ಒಂದು ಗಳಿಗೆ ನೋಡಿದರು. ಹೆಣ್ಣಿನ ತಂದೆ ತಾನೇ ನೀರು ಹಾಕಲು ಬಂದಾಗ ಬೇಡ ಎನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಲೋಟ ಎತ್ತಿ ಹಿಡಿದರು. ಅಣ್ಣ ತುಂಬಿಸಿದ. ಅವರು ಗಟಗಟ ಕುಡಿದು ಲೋಟ ಮತ್ತೆ ಮುಂದೆ ಚಾಚಿದರು. ಯಾರೋ ನಕ್ಕರು, ಬಡಿಸುವವರು ಮುಂದೆ ಸಾಗಿದರು, ಹೋಳಿಗೆಯ ಮೇಲೆ ತುಪ್ಪ ಬಿತ್ತು.

ನಾನು ಹೊಳೆಯ ದಂಡೆಯಲ್ಲಿ ನಿಂತು ಎಷ್ಟೋ ಸಲ ಹೇಳಿದ್ದ ಮಾತು ಅದು, ಹೆಚ್ಚುಕಡಿಮೆ ಹಾಗೇ. 'ಹ್ಞೂಂ' ಎಂದು ಕಾಳಿನ ಧಾರಣೆಗೆ ಹೊರಳುತ್ತಿದ್ದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಷ್ಟೋ ವರ್ಷ ಪಾಠ ಹೇಳಿದ್ದೇನೆ, ನನ್ನ ಹುಡುಗಿಯರು ಊರಿಗೆ ಮೊದಲಿಗರಾಗಿ ಪಾಸಾದಾಗ ಹಿಗ್ಗಿದ್ದೇನೆ. ಆದರೆ ಅಂದು ಆ ಕಂಬಕ್ಕೆ ಒರಗಿ ನಿಂತಾಗ ಆದ ಹೆಮ್ಮೆ ಬೇರೆ. ನನ್ನ ಮೇಲಿನ ಹೆಮ್ಮೆಯಲ್ಲ ಅದು, ಅಣ್ಣನ ಮೇಲಿನದು. ಯಾವ ಮಾತಿಗೆ ಹೆದರಿ ಬಾಟಲಿ ಮುಚ್ಚಿಟ್ಟಿದ್ದನೋ, ಅದೇ ಮಾತು ತುಂಬಿದ ಸಭೆಯಲ್ಲಿ ಎದುರಿಗೆ ಬಂದಾಗ ಅವನು ಹಿಂದೆ ಸರಿಯಲಿಲ್ಲ.

ಬೀಗರ ಪಂಕ್ತಿ ಪೂರ್ತಿ ಅವನೇ ನೀರು ಹಾಕಿದ. ನಾವು ಬೇಡವೆಂದರೂ ಅದರ ಮುಂದಿನ ಪಂಕ್ತಿಗೂ ನಿಂತ. ಎಲ್ಲರ ಊಟ ಮುಗಿದು ಮನೆಯವರ ಕೊನೆಯ ಪಂಕ್ತಿ ಕೂರುವ ಹೊತ್ತಿಗೆ ಅವನ ಮುಖ ಬಾಡಿತ್ತು, ಅಂಗಿ ಬೆವರಿಗೆ ಮೈಗಂಟಿತ್ತು. ನನ್ನ ಪಕ್ಕದ ಎಲೆಗೆ ಬಂದು ಕೂತ. ಬೀಗಿತ್ತಿ ಹೊರಡುವ ಮುಂಚೆ, ಬರುವ ವರ್ಷ ತಮ್ಮ ಕಿರಿಮಗನ ಮದುವೆಗೂ ಲೋಟ ಬೇಕೆಂದು ಹೇಳಿ ಹೋದರು ಎಂದೆ. ‘ಹೌದಾ’ ಎಂದ. ಅಷ್ಟೇ. ಲೋಟ ಎತ್ತಲು ಹೋದವನ ಕೈಯಿಂದ ನೀರು ಎಲೆಯ ಮೇಲೆ ಚೆಲ್ಲಿತು.

‘ಬಗ್ಗಿ ಬಗ್ಗಿ ಕೈ ಸೋತಾವಮ್ಮ’ ಎಂದ ಅಣ್ಣ. ಚಿಕ್ಕಂದಿನಿಂದ ನನಗೆ ಎಲ್ಲವನ್ನೂ ಅವನೇ ಬಡಿಸಿದ್ದ, ನನ್ನಿಂದ ಏನೂ ಕೇಳಿದವನಲ್ಲ. ‘ಇವತ್ತು ನೀನೇ ಕುಡಿಸು.’

ನಾನು ಎಡಗೈಯಿಂದ ಅವನ ಬೆನ್ನು ಹಿಡಿದುಕೊಂಡು ಲೋಟವನ್ನು ಅವನ ಬಾಯಿಗೆ ಹಿಡಿದೆ. ಅವನು ಪೂರ್ತಿ ಕುಡಿದ.